ನಮ್ಮ ಶರತ್ಕಾಲ ಮೊಣಕಾಲೆತ್ತರದಲ್ಲಿದೆ, ಕಾರ್ತಿಕ ಕಳೆಯುವವರೆಗೆ ಹುಲ್ಲು ಹೆರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಶರತ್ಕಾಲವೆಂದರೆ ಎಲೆ ಉದುರುವ ಕಾಲ ಎಂದು ಮಕ್ಕಳ ಗೋಡೆಪಟಗಳಲ್ಲಿ ಈಗಲೂ ಕಾಣುತ್ತದೆ. ಪಕ್ಕದಲ್ಲೊಂದು ಕೆಂಪು ಮೇಪಲ್ ಎಲೆ. ಅದು ಚಳಿದೇಶದ ಮಾತು. ಅಲ್ಲಿನ ಮರ ಎಲೆ ಕಳಚುವುದು ಮುಂದೆ ಬರುವ ಹಿಮಕ್ಕೆ ಅಂಜಿ, ನಮ್ಮ ಮರ ಕಳಚುವುದು ನೆಲದ ಹಸಿ ಆರುವುದಕ್ಕೆ ಅಂಜಿ. ತೇಗ, ಮುತ್ತುಗ, ಬೂರುಗಗಳು ಬೋಳಾಗುವುದು ಶಿಶಿರದಲ್ಲಿ. ಆಶ್ವಯುಜ, ಕಾರ್ತಿಕಗಳ ನಮ್ಮ ಶರದೃತುವಿನಲ್ಲಿ ಮಣ್ಣಲ್ಲಿ ತೇವವಿದೆ, ಆಕಾಶ ತಿಳಿಯಾಗಿದೆ, ಪೈರು ತೆನೆ ಕಟ್ಟುತ್ತಿದೆ. ಇದು ತುಂಬಿದ ಕಾಲ. ಆಶ್ವಯುಜದ ಹುಣ್ಣಿಮೆಯನ್ನು ಮಲೆನಾಡಿನವರು ಭೂಮಿ ಹುಣ್ಣಿಮೆ ಎಂದು ಕರೆದು, ಗದ್ದೆಯನ್ನು ಬಸುರಿಯೆಂದು ಬಗೆದು, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯೂಟ ಒಯ್ಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದೇ ಶೀಗಿ ಹುಣ್ಣಿಮೆ, ಹೊಲಕ್ಕೆ ಚರಗ ಚೆಲ್ಲುವ ದಿನ. ನಮ್ಮ ಹಿರಿಯರಿಗೆ ಈ ಋತು ಯಾವುದೆಂದು ಸರಿಯಾಗಿ ಗೊತ್ತಿತ್ತು.

ಇಷ್ಟು ಹೇಳಲು ಕಾರಣವಿದೆ. ಶರತ್ಕಾಲವನ್ನು ಮರದ ತಲೆಯಲ್ಲಿ ಹುಡುಕುವವರಿಗೆ ಇಲ್ಲಿ ಏನೂ ಕಾಣುವುದಿಲ್ಲ. ನಮ್ಮ ಶರತ್ಕಾಲ ಇರುವುದು ಮೊಣಕಾಲಿನಿಂದ ಕೆಳಗೆ: ರಸ್ತೆಯಂಚಿನ ಹುಲ್ಲಿನಲ್ಲಿ, ಶಾಲೆಯ ಬೇಲಿಯ ಬುಡದಲ್ಲಿ, ಖಾಲಿ ನಿವೇಶನದ ಗಿಡಗಂಟಿಯಲ್ಲಿ. ದಸರೆ, ದೀಪಾವಳಿಯ ಸ್ವಚ್ಛತೆಯ ಹೆಸರಿನಲ್ಲಿ ನಾವು ಬ್ರಷ್ ಕಟರ್ ಹಿಡಿದು, ಕಳೆನಾಶಕ ಸಿಂಪಡಿಸಿ, ಬುಡಸಮೇತ ಹೆರೆದು ಹಾಕುವುದು ಇದೇ ಎತ್ತರದ ಪದರವನ್ನು. ಅದೂ ಅದು ಹೂ ತಳೆದು ಬೀಜ ಕಟ್ಟುತ್ತಿರುವ ಹೊತ್ತಿನಲ್ಲಿ. ಕಾರ್ತಿಕ ಕಳೆಯುವವರೆಗೆ ಅದನ್ನು ಬಿಡಿ ಎಂಬುದು ಈ ಪತ್ರದ ಬೇಡಿಕೆ. ಅಲ್ಲಿ ಏನಿದೆ ಎಂದು ತಿಳಿಯದೆ ಯಾರೂ ಬಿಡುವುದಿಲ್ಲವಾದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಹೊತ್ತು ಮುಖ್ಯ. ಅಕ್ಟೋಬರಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು 6.10ಕ್ಕೆ. 6.15ರಿಂದ 7.30ರ ಒಳಗೆ ಹೊರಗಿರಬೇಕು. 8 ಗಂಟೆಗೆ ಹೋದವರಿಗೆ ಬರೀ ಹುಲ್ಲು ಸಿಗುತ್ತದೆ. ಹಿಂದಿನ ರಾತ್ರಿ ಮೋಡವಿದ್ದರೆ, ಗಾಳಿ ಬೀಸಿದ್ದರೆ ಇಬ್ಬನಿ ಕೂಡುವುದಿಲ್ಲ. ರಾತ್ರಿ ಹುಲ್ಲಿನ ಎಸಳು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಆ ತಂಪಿಗೆ ತಾಗಿದ ತೇವದ ಗಾಳಿ ಹನಿಗಟ್ಟುತ್ತದೆ. ಮೋಡ ಕಂಬಳಿ ಹೊದಿಸಿದಂತೆ ಶಾಖವನ್ನು ತಡೆಯುತ್ತದೆ. ಗಾಳಿ ಬೀಸಿದರೆ ಬೆಚ್ಚಗಿನ ಗಾಳಿ ಬಂದು ಬೆರೆತು ಎಸಳು ತಣಿಯಲು ಬಿಡುವುದಿಲ್ಲ. ಮರದ ಕೊಡೆಯೂ ಮೋಡದಂತೆಯೇ ಶಾಖವನ್ನು ತಡೆಯುವುದರಿಂದ ಮರದಡಿ ಇಬ್ಬನಿ ಕಡಿಮೆ. ನಕ್ಷತ್ರ ಚೆನ್ನಾಗಿ ಕಂಡ, ಎಲೆ ಅಲುಗದ ರಾತ್ರಿಯ ಮಾರನೆಯ ಬೆಳಗ್ಗೆ ಹೊರಡಿ.

ಹುಲ್ಲಿನ ಮೇಲಿನ ಹನಿಯೆಲ್ಲ ಇಬ್ಬನಿಯಲ್ಲ. ರಾಗಿ, ಭತ್ತ, ಗರಿಕೆಯ ಎಸಳನ್ನು ಹತ್ತಿರದಿಂದ ನೋಡಿ. ಎಸಳಿನ ಮೈತುಂಬ ಪುಡಿಹನಿ ಹರಡಿದ್ದರೆ ಅದು ಇಬ್ಬನಿ. ತುದಿಯಲ್ಲಿ ಮಾತ್ರ, ಒಂದೇ ಒಂದು ದಪ್ಪ ಹನಿ ತೂಗುತ್ತಿದ್ದರೆ ಅದು ಗಿಡದ್ದೇ ನೀರು. ಹಸಿ ನೆಲದಿಂದ ಬೇರು ಇಡೀ ರಾತ್ರಿ ನೀರು ಹೀರುತ್ತಲೇ ಇರುತ್ತದೆ. ಎಲೆಯ ರಂಧ್ರಗಳು ಮುಚ್ಚಿರುತ್ತವೆ, ಗಾಳಿಯಲ್ಲೂ ತೇವ ತುಂಬಿರುತ್ತದೆ. ಒಳಗಿನ ಒತ್ತಡಕ್ಕೆ ನೀರು ಎಲೆಯ ತುದಿಯ ವಿಶೇಷ ರಂಧ್ರದಿಂದ ಹೊರಬರುತ್ತದೆ. ಕೆಸುವಿನ ಎಲೆಯ ತುದಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒರೆಸಿ ಕಾದರೆ ಸ್ವಲ್ಪ ಹೊತ್ತಿಗೆ ಮತ್ತೊಂದು ಹನಿ ಊರುವುದನ್ನು ನೋಡಬಹುದು. ಬಿಸಿಲು ಏರಿತೆಂದರೆ ನಿಲ್ಲುತ್ತದೆ.

ಸೂರ್ಯನಿಗೆ ಬೆನ್ನು ಮಾಡಿ, ಇಬ್ಬನಿ ತುಂಬಿದ ಹುಲ್ಲಿನ ಮೇಲೆ ಬಿದ್ದ ನಿಮ್ಮ ನೆರಳನ್ನು ನೋಡಿ. ತಲೆಯ ನೆರಳಿನ ಸುತ್ತ ಬೆಳ್ಳಗಿನ ಪ್ರಭೆಯೊಂದು ಕಾಣುತ್ತದೆ. ಪಕ್ಕದಲ್ಲಿ ನಿಂತವರ ತಲೆಗೆ ಅದು ಇರುವುದಿಲ್ಲ. ಅವರನ್ನು ಕೇಳಿದರೆ ಅವರ ತಲೆಗೆ ಇದೆ, ನಿಮ್ಮದಕ್ಕಿಲ್ಲ ಎನ್ನುತ್ತಾರೆ. ಪ್ರತಿ ಹನಿಯೂ ಪುಟ್ಟ ಮಸೂರದಂತೆ ಬೆಳಕನ್ನು ತನ್ನ ಹಿಂದಿನ ಎಸಳಿನ ಮೇಲೆ ಕೂಡಿಸಿ, ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಆ ದಾರಿಯಲ್ಲಿರುವುದು ನಿಮ್ಮ ಕಣ್ಣು ಮಾತ್ರ. ಅಲ್ಲಿಂದ ನಾಲ್ಕು ಮುಷ್ಟಿ ದೂರಕ್ಕೆ, ಅಂದರೆ ಕೈ ಚಾಚಿ ಮುಷ್ಟಿ ಕಟ್ಟಿ ಅಳೆದರೆ ಸುಮಾರು 42 ಡಿಗ್ರಿಗೆ, ಹೊಳೆಯುವ ಹನಿಯೊಂದನ್ನು ಹುಡುಕಿ. ಒಂದು ಕಣ್ಣು ಮುಚ್ಚಿ, ತಲೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಅದೇ ಹನಿ ಕೆಂಪಾಗಿ, ಹಳದಿಯಾಗಿ, ಹಸಿರಾಗಿ, ನೀಲಿಯಾಗುತ್ತದೆ. ಕಾಮನಬಿಲ್ಲಿನ ಲೆಕ್ಕವೇ ಇದು. ಬೇಗ ಸರಿಸಿದರೆ ತಪ್ಪಿಹೋಗುತ್ತದೆ.

ಜೇಡರ ಬಲೆಗೆ ಮಾತ್ರ ತಿರುವುಮುರುವು: ಸೂರ್ಯನಿಗೆ ಮುಖ ಮಾಡಿ ನೋಡಬೇಕು. ಹುಲ್ಲಿನ ಮೇಲೆ ಕರವಸ್ತ್ರ ಹಾಸಿದಂತೆ ಕಾಣುವುದು ಹಾಳೆಬಲೆ. ಅದರ ಒಂದು ಮೂಲೆಯಲ್ಲಿ ಆಲಿಕೆಯಂಥ ಬಿಲ, ಬಿಲದ ಬಾಯಲ್ಲಿ ಜೇಡ. ಈ ಬಲೆಗೆ ಅಂಟಿಲ್ಲ. ಹುಳು ಎಡವಿದ ಕೂಡಲೇ ಓಡಿಬಂದು ಹಿಡಿಯುವುದು ಇದರ ಬೇಟೆ. ಬಿಸಿಲೇರಿದ ಮೇಲೆ ಕಾಣದೆ ಹೋಗುವುದು ಹನಿ ಮಾತ್ರ, ಬಲೆ ಅಲ್ಲೇ ಇರುತ್ತದೆ, ನಾವು ತುಳಿದು ಹೋಗುತ್ತೇವೆ. ಪೊದೆಗಳ ನಡುವೆ ಚಕ್ರಬಲೆ ಕಟ್ಟುವ ಜೇಡಗಳು ಈ ದಿನಗಳಲ್ಲೇ ಮೈತುಂಬಿ ಬಲಿಯುತ್ತವೆ. ಚಕ್ರದ ಅರಗಳಿಗೆ ಅಂಟಿಲ್ಲ, ಸುರುಳಿ ಎಳೆಗೆ ಇದೆ. ನಡುವೆ ಬಿಳಿ ಅಂಕುಡೊಂಕು ಗೆರೆಯ ಗುಣಾಕಾರ ಚಿಹ್ನೆ ಬರೆದು, ಎರಡೆರಡು ಕಾಲು ಜೋಡಿಸಿ, ತಲೆ ಕೆಳಗಾಗಿ ಕುಳಿತದ್ದು ಸಹಿ ಜೇಡ. ಅದು ಹೆಣ್ಣು. ಬಲೆಯ ಅಂಚಿನಲ್ಲಿರುವ ಚಿಕ್ಕ ಕಂದು ಜೇಡ ಗಂಡು; ಬಹಳ ಮಂದಿ ಅದನ್ನು ಮರಿಯೆಂದುಕೊಳ್ಳುತ್ತಾರೆ. ಬಲೆ ಚೆನ್ನಾಗಿ ಕಾಣಲೆಂದು ಕೆಲವರು ನೀರು ಸಿಂಪಡಿಸಿ ಫೋಟೊ ತೆಗೆಯುತ್ತಾರೆ, ಮಾಡಬೇಡಿ. ಅಂಟು ನೀರಿಗೆ ಕರಗಿ ಆ ದಿನದ ಬೇಟೆ ಕೆಡುತ್ತದೆ. ಓರೆ ಬಿಸಿಲು ಸಾಕು.

ಇನ್ನು ಹೂಗಳು. ನಾವು ಕಳೆ ಎನ್ನುವ ಗಿಡಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲಾಗಿ ಕಾಣುವುದು ಕನ್ನೆ, ಕೆಲವು ಕಡೆ ಹಿತ್ತಗಣಿ ಎನ್ನುತ್ತಾರೆ. ದೋಣಿಯಂತೆ ಮಡಿಸಿದ ಎಲೆಯೊಳಗಿಂದ ಬೆಳಗ್ಗೆ ಒಂದು ನೀಲಿ ಹೂ ಹೊರಬರುತ್ತದೆ. ಎರಡು ದಳ ದೊಡ್ಡವು, ಕೆಳಗಿನದು ಕಿರಿದು. ನಡುವೆ ಕಣ್ಣಿಗೆ ಹೊಡೆಯುವ ಹಳದಿ ತುಣುಕುಗಳನ್ನು ಪರಾಗವೆಂದು ಜೇನ್ನೊಣ ನಂಬುತ್ತದೆ. ಅವು ಬಂಜೆ ಕೇಸರ, ಬರೀ ಸೆಳೆಯುವುದಕ್ಕೆ. ಫಲ ಕಟ್ಟುವ ಪರಾಗದ ಕೇಸರಗಳು ಕೆಳಗೆ, ಅಷ್ಟಾಗಿ ಕಾಣದಂತೆ ಚಾಚಿಕೊಂಡು ನೊಣದ ಹೊಟ್ಟೆಗೆ ತಾಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಹೂ ಕರಗಿದಂತೆ ಮುದುಡುತ್ತದೆ, ನಾಳೆ ಅರಳುವುದು ಬೇರೆಯದು. ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ: ಅಲ್ಲೂ ಬಿಳಿಚಿದ ಮೊಗ್ಗುಗಳಿರುತ್ತವೆ. ಅವು ಎಂದೂ ತೆರೆಯುವುದಿಲ್ಲ, ನೆಲದೊಳಗೇ ತಮ್ಮಷ್ಟಕ್ಕೆ ಬೀಜ ಕಟ್ಟುತ್ತವೆ. ನೋಡಿದ ಮೇಲೆ ಮಣ್ಣು ಮುಚ್ಚಿಬಿಡಿ.

ವಿಷ್ಣುಕ್ರಾಂತಿಯ ಹೂ ಉಗುರಿನಷ್ಟೂ ಇಲ್ಲ, ಆದರೆ ಅಂಥ ನೀಲಿ ಬೇರೆಲ್ಲೂ ಇಲ್ಲ. ಬಿಸಿಲು ಬಿದ್ದ ಮೇಲೆ ಅರಳಿ ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಮೋಡದ ದಿನ ಕಾಣುವುದೇ ಅಪರೂಪ. ನೆಲನೆಲ್ಲಿಯ ಕಡ್ಡಿಯನ್ನು ತಿರುಗಿಸಿ ಹಿಡಿದರೆ ಎಲೆಯ ಅಡಿಯಲ್ಲಿ ಸಾಲಾಗಿ ಸಾಸಿವೆಯಂಥ ಕಾಯಿ. ತುಂಬೆಯ ಹೂವಿನ ಕೆಳತುಟಿ ಚಿಟ್ಟೆ ಕೂರಲೆಂದೇ ಮಾಡಿದ ಮಣೆಯಂತಿದೆ. ಉತ್ತರಾಣಿಯ ಕಡ್ಡಿಯಲ್ಲಿ ಕಾಯಿ ಬಲಿತಂತೆ ಕೆಳಮುಖವಾಗಿ ಬಾಗುತ್ತದೆ, ಹಾದುಹೋಗುವವರ ಬಟ್ಟೆಗೆ, ದನದ ಮೈಗೆ ಅಂಟಿ ಊರು ಸುತ್ತುತ್ತದೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಸಗಣಿಯಲ್ಲಿ ಮಾಡುವ ಪಾಂಡವರಿಗೆ ಸಿಕ್ಕಿಸುವುದು ಇದೇ ಉತ್ತರಾಣಿಯನ್ನು, ಚೆಂಡುಹೂವಿನ ಜೊತೆಗೆ. ಹಬ್ಬಕ್ಕೆಂದು ಅಂಗಳದ ಉತ್ತರಾಣಿ ಹೆರೆದು, ಮತ್ತೆ ಹಬ್ಬಕ್ಕೇ ಅದನ್ನು ಹುಡುಕಿಕೊಂಡು ಅಲೆಯುವ ಸ್ಥಿತಿ ಬರಬಾರದು.

ಬಯಲುಸೀಮೆಯ ದಾರಿಬದಿಯಲ್ಲಿ ತಂಗಡಿ, ಅಂದರೆ ಆವರಿಕೆ, ಹಳದಿ ಹೊತ್ತು ನಿಂತಿರುತ್ತದೆ. ಅದರ ಹತ್ತಿರ ನೋಡುವುದಕ್ಕಿಂತ ಕೇಳುವುದು ಹೆಚ್ಚು. ಈ ಹೂವಿನ ಪರಾಗದ ಚೀಲ ಉದ್ದಕ್ಕೆ ಸೀಳುವುದಿಲ್ಲ, ತುದಿಯ ಕಿಂಡಿಯಿಂದ ಮಾತ್ರ ಪರಾಗ ಉದುರುತ್ತದೆ. ಕಪ್ಪು ದುಂಬಿ ಬಂದು ಕೇಸರವನ್ನು ತಬ್ಬಿ, ರೆಕ್ಕೆ ಬಡಿಯದೆ ಮೈಯನ್ನಷ್ಟೇ ಅದುರಿಸಿ ಅದನ್ನು ಉದುರಿಸಿಕೊಳ್ಳುತ್ತದೆ. ಹಾರುವಾಗಿನ ಗುಂಯ್‌ಗಿಂತ ಆ ಸದ್ದು ಚೂಪು. ಎರಡು ನಿಮಿಷ ಸುಮ್ಮನೆ ನಿಂತರೆ ವ್ಯತ್ಯಾಸ ಕಿವಿಗೆ ಹಿಡಿಯುತ್ತದೆ. ಹೊಲದಲ್ಲಿ ರಾಗಿಯ ನಡುವಿನ ಅಕ್ಕಡಿ ಸಾಲಿನ ಹುಚ್ಚೆಳ್ಳು, ಧಾರವಾಡದ ಕಡೆಯವರ ಗುರೆಳ್ಳು, ಇದೇ ದಿನಗಳಲ್ಲಿ ಹೂವಾಗುತ್ತದೆ. ಹಗಲು ಕುಗ್ಗಿದ್ದನ್ನು ಗುರುತಿಸಿ ನಾಡ ಅವರೆ ಮೊಗ್ಗಿಡುತ್ತದೆ. ಮುಂದೆ ಇಬ್ಬನಿ ಬಿದ್ದಷ್ಟೂ ಕಾಯಿಯ ಸೊಗಡು ಹೆಚ್ಚು ಎಂದು ಬೆಳೆದವರೂ ಹೇಳುತ್ತಾರೆ, ಕೊಂಡವರೂ ಹೇಳುತ್ತಾರೆ.

ಪಾರಿಜಾತದ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ಎರಡು ಮಾತು. ಹೂ ಅರಳುವುದು ಕತ್ತಲಾದ ಮೇಲೆ, ಉದುರುವುದು ಬೆಳಗಿನ ಜಾವ. ಕೊಂಬೆ ಅಲುಗಿಸಿದರೆ ನಾಳೆಯ ಮೊಗ್ಗೂ ಬೀಳುತ್ತದೆ. ಪೂಜೆಗೆ ಬೇಕಾದವರು ರಾತ್ರಿಯೇ ಮರದಡಿ ಹಳೆಯ ಪಂಚೆ ಹಾಸಿಟ್ಟರೆ ಮಣ್ಣಾಗದ ಹೂ ಸಿಗುತ್ತದೆ. ಎಲ್ಲ ಹೂವಿಗೂ ಐದೇ ಎಸಳಿಲ್ಲ, ಎಂಟರವರೆಗೂ ಇರುತ್ತದೆ. ಮಕ್ಕಳಿಗೆ ಎಣಿಸಲು ಕೊಡಿ. ಬಾಡಿದ ಹೂವಿನ ಕಿತ್ತಳೆ ತೊಟ್ಟನ್ನಷ್ಟೇ ಬಿಡಿಸಿ ಬಿಸಿನೀರಿನಲ್ಲಿ ನೆನೆಸಿದರೆ ಹೊಂಬಣ್ಣ ಬಿಡುತ್ತದೆ. ಹಿಂದೆ ಬಟ್ಟೆಗೆ ಹಾಕುತ್ತಿದ್ದ ಬಣ್ಣವದು. ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಇದರ ಜೋಡಿ ಆಕಾಶಮಲ್ಲಿಗೆ. ಉದ್ದ ಕೊಳವೆಯ ಆ ಬಿಳಿ ಹೂವಿನ ತಳದ ಜೇನಿಗೆ ಉದ್ದ ನಾಲಿಗೆಯ ನಿಶಾಚರ ಪತಂಗವೇ ಬರಬೇಕು. ಪತಂಗದ ಹುಳು ಬೆಳೆಯುವುದು ಮತ್ತೆ ಅದೇ ಕೆಳಗಿನ ಗಿಡಗಂಟಿಯಲ್ಲಿ.

ಮೇಲೆ ನೋಡುವುದೂ ಸ್ವಲ್ಪ ಇದೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟ ಅಕ್ಟೋಬರಿನಲ್ಲಿ ಆಟದ ಮೈದಾನದ ಮೇಲೆ ಗುಂಪಾಗಿ, ಕೂರದೆ ತೇಲುತ್ತಿದ್ದರೆ, ಮೈ ಹಳದಿ ಕಿತ್ತಳೆಯಾಗಿದ್ದರೆ, ಅದು ಬಹುತೇಕ ಪ್ಯಾಂಟಲ ಎಂಬ ವಲಸೆ ಜಾತಿ. ಈಶಾನ್ಯದ ಗಾಳಿ ಹಿಡಿದು ಇವು ಅರಬ್ಬೀ ಸಮುದ್ರದ ಮೇಲೆ ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾದ ಕಡೆಗೆ ಹೋಗುತ್ತವೆ. ಮರಳಿ ಬರುವುದು ಹೋದದ್ದಲ್ಲ, ಅದರ ಸಂತತಿ. ಬಾಲಕ್ಕೆ ದಾರ ಕಟ್ಟುವ ಆಟವನ್ನು ಈ ಒಂದು ಮಾತು ಹೇಳಿ ಬಿಡಿಸಬಹುದು. ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಸೆಣಬಿನ ಜಾತಿಯ ಗಿಡ ಕಂಡರೆ, ಅದರ ಬಾಡಿದ ಎಲೆಕಾಂಡಕ್ಕೆ ನೀಲಿಗಪ್ಪು ಚಿಟ್ಟೆಗಳು ಮುತ್ತಿವೆಯೇ ನೋಡಿ. ಅವು ಹೆಚ್ಚಾಗಿ ಗಂಡು. ಗಿಡದ ಕಹಿ ವಿಷವನ್ನು ಹೀರಿ, ಹಕ್ಕಿಗೆ ತಮ್ಮನ್ನು ರುಚಿಸದಂತೆ ಮಾಡಿಕೊಳ್ಳುತ್ತವೆ. ಹೆಣ್ಣನ್ನು ಒಲಿಸುವ ಕಂಪನ್ನೂ ಅದರಿಂದಲೇ ತಯಾರಿಸುತ್ತವೆ. ಒಣಗಿದೆಯೆಂದು ಆ ಗಿಡ ಕಿತ್ತವರಿಗೆ ಇದು ಕಾಣುವುದಿಲ್ಲ. ಚರಂಡಿ, ಹಳ್ಳದ ಅಂಚಿನಲ್ಲಿ ಬಾಲ ಕುಣಿಸುವ ಬೂದು ಸಿಪಿಲೆ ಹಕ್ಕಿ ಬಂದಿಳಿದಿದ್ದರೆ ಉತ್ತರದಲ್ಲಿ ಚಳಿ ಹಿಡಿದಿದೆ ಎಂದು ತಿಳಿಯಬಹುದು.

ಬೇಗ ಎದ್ದವರು ಅಕ್ಟೋಬರ್ ನಡುವೆ ಬೆಳಗ್ಗೆ 5ರ ಸುಮಾರಿಗೆ ತೆಂಕಣಕ್ಕೆ ನಿಲ್ಲಿ. ಎತ್ತರದಲ್ಲಿ ಲುಬ್ಧಕ, ಅದಕ್ಕೆ ಹೆಚ್ಚುಕಡಿಮೆ ನೇರ ಕೆಳಗೆ, ದಿಗಂತದಿಂದ ಬೆಂಗಳೂರಿನಲ್ಲಿ ಎರಡೂವರೆ ಮುಷ್ಟಿ, ಬೀದರಿನಲ್ಲಿ ಎರಡೇ ಮುಷ್ಟಿ ಮೇಲೆ, ಅಗಸ್ತ್ಯ. ರಾತ್ರಿಯ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಇದೇ ಪ್ರಕಾಶಮಾನ ನಕ್ಷತ್ರ. ಅಗಸ್ತ್ಯ ಮೂಡಿದ ಮೇಲೆ ನೀರು ತಿಳಿಯಾಗುತ್ತದೆ ಎಂದು ಹಿರಿಯರು ನಂಬಿದ್ದರು. ಮಳೆಯ ರಭಸ ಇಳಿದು ಹೊಳೆಯ ಕೆಸರು ತಳಕ್ಕೆ ಕೂರುವ ಹೊತ್ತಿಗೇ ಅದು ಕಾಣತೊಡಗುವುದರಿಂದ ಲೆಕ್ಕ ತಪ್ಪಲಿಲ್ಲ.

ಬೇಡಿಕೆಗೆ ಬರುತ್ತೇನೆ. ಊರು ಕಾಡಾಗಲಿ ಎಂದು ಯಾರೂ ಹೇಳುತ್ತಿಲ್ಲ. ಗ್ರಾಮ ಪಂಚಾಯಿತಿ, ನಗರಸಭೆ, ಶಾಲೆ, ಬಡಾವಣೆಯ ಸಂಘದವರು ಹೀಗೆ ಮಾಡಬಹುದು. ನಡೆಯುವ ದಾರಿಯ ಎರಡೂ ಬದಿ 2 ಅಡಿ ಚೊಕ್ಕವಾಗಿ ಕತ್ತರಿಸಿ. ಹಾವು ಚೇಳಿನ ಭಯಕ್ಕೆ, ವಾಹನ ತಿರುಗುವಲ್ಲಿ ಎದುರು ಕಾಣುವುದಕ್ಕೆ ಇದು ಬೇಕೇ ಬೇಕು. ಅದರಾಚೆಯದನ್ನು ಕಾರ್ತಿಕದ ಅಮಾವಾಸ್ಯೆಯವರೆಗೆ ಬಿಡಿ. ಬಿಡಲು ಆಗದಿದ್ದರೆ ಅರ್ಧ ಜಾಗ ಈಗ, ಉಳಿದರ್ಧ 4 ವಾರದ ಮೇಲೆ ಕತ್ತರಿಸಿ. ಹುಳುಹುಪ್ಪಟೆ ಆಚೆಯಿಂದ ಈಚೆಗೆ ಸರಿಯಲು ಅವಕಾಶವಾಗುತ್ತದೆ. ಯಂತ್ರವನ್ನು ನೆಲಕ್ಕೆ ಹಚ್ಚಬೇಡಿ, 6 ಅಂಗುಲ ಮೇಲೆ ಹಿಡಿಯಿರಿ. ಮಣ್ಣು ಬರಿದಾದರೆ ಮೊದಲು ಬಂದು ಕೂರುವುದು ಕಾಂಗ್ರೆಸ್ ಹುಲ್ಲು. ಕೆಲಸ ಬೆಳಗ್ಗೆ 10ರ ಮೇಲೆ ಶುರುವಾಗಲಿ. ಇಬ್ಬನಿಯಲ್ಲಿ ನೆನೆದ ಚಿಟ್ಟೆ, ಜೇನ್ನೊಣ ಬಿಸಿಲು ಕಾಯುವವರೆಗೆ ಹಾರಲಾರವು, ಬ್ಲೇಡಿಗೆ ಸಿಕ್ಕಿಬಿಡುತ್ತವೆ. ಕತ್ತರಿಸಿದ್ದನ್ನು ಎರಡು ದಿನ ಅಲ್ಲೇ ಬಿಟ್ಟರೆ ಬೀಜ ಉದುರುತ್ತದೆ, ಹುಳು ಇಳಿದು ಹೋಗುತ್ತದೆ. ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ, ಬೆಂಕಿ ಬೇಡ.

ಕಾಂಗ್ರೆಸ್ ಹುಲ್ಲಿಗೆ ಮಾತ್ರ ಕನಿಕರ ಬೇಡ. ಮಳೆ ಬಿದ್ದ ಮಾರನೆಯ ದಿನ, ಹೂವಾಗುವ ಮೊದಲು, ಬೇರುಸಮೇತ ಕೀಳಬೇಕು. ಕತ್ತರಿಸಿದರೆ ಬುಡದಿಂದ ಮತ್ತೆ ಕವಲೊಡೆಯುತ್ತದೆ. ಚರ್ಮಕ್ಕೆ ತುರಿಕೆ ತರುವುದರಿಂದ ಮೊಣಕೈವರೆಗಿನ ಕೈಗವಸು ಹಾಕಿ. ಹೂವಾದ ಗಿಡವನ್ನು ಗೊಬ್ಬರಕ್ಕೆ ಹಾಕಬೇಡಿ. ಎಲೆಯೆಲ್ಲ ಜರಡಿಯಾಗಿ, ಅದರ ಮೇಲೆ ಕೆನೆಬಣ್ಣದ, ಕಪ್ಪು ಗೆರೆಯ ಜೀರುಂಡೆ ಕಂಡರೆ ಆ ಗಿಡಕ್ಕೆ ಔಷಧ ಹೊಡೆಯದೆ ಬಿಡಿ. ಈ ಹುಲ್ಲನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಯ ಸಂತಾನ ಅದು, ನಮ್ಮ ಕೆಲಸವನ್ನು ಅದೇ ಮಾಡುತ್ತಿದೆ.

ಸೊಳ್ಳೆ ಎನ್ನುವ ಆಕ್ಷೇಪ ಬರುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಹುಲ್ಲಿನಲ್ಲಲ್ಲ, ನಿಂತ ನೀರಿನಲ್ಲಿ: ಹಳೆಯ ಟೈರು, ಎಳನೀರಿನ ಬುರುಡೆ, ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಇವನ್ನು ಬರಿದು ಮಾಡಿ ಉಜ್ಜಬೇಕು. ಹುಲ್ಲು ಹೆರೆಯುವ ಆಳುಗಳನ್ನು ಈ ಕೆಲಸಕ್ಕೆ ಹಚ್ಚಿದರೆ ಊರಿಗೆ ಹೆಚ್ಚು ಉಪಕಾರ.

ಶಾಲೆಗಳಿಗೆ ಖರ್ಚಿಲ್ಲದ ಒಂದು ಪಾಠ ಇದರಲ್ಲೇ ಇದೆ. 4 ಮೀಟರ್ ಹಗ್ಗ, ನಾಲ್ಕು ಗೂಟ, ಒಂದು ಚದರ ಮೀಟರಿನ ಚೌಕ. ದಸರಾ ರಜೆ ಮುಗಿದ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ, ವಾರಕ್ಕೊಮ್ಮೆ, ಅದೇ ದಿನ ಅದೇ ಹೊತ್ತಿಗೆ ಮಕ್ಕಳು ಅದನ್ನು ನೋಡಿ ಬರೆಯಲಿ: ಯಾವ ಹೂ ತೆರೆದಿದೆ, ಯಾವುದು ಮುಚ್ಚಿದೆ, ಯಾರು ಬಂದು ಕೂತರು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆಯಲಿ. ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಭೂತಗನ್ನಡಿ ಇದ್ದರೆ ಒಳ್ಳೆಯದು. ಆದರೆ ಅದನ್ನು ದೂರ ಹಿಡಿದು ನೋಡುವುದೇ ಎಲ್ಲರೂ ಮಾಡುವ ತಪ್ಪು. ಮಸೂರ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಹೂವನ್ನು ಒಂದು ಅಂಗುಲದವರೆಗೆ ಮಸೂರದ ಬಳಿ ತರಬೇಕು. ಗೋಡೆಪಟದ ಮೇಪಲ್ ಎಲೆಯ ಜಾಗದಲ್ಲಿ ಆ ಮಕ್ಕಳೇ ಬರೆದ ಕನ್ನೆ ಹೂ ಬರಲಿ.

ಕೊನೆಯದಾಗಿ ನಿಮ್ಮ ಪತ್ರಿಕೆಗೇ ಒಂದು ವಿನಂತಿ. ದಿನವೂ ಪಂಚಾಂಗದ ಅಂಕಣದಲ್ಲಿ ತಿಥಿ, ರಾಹುಕಾಲ, ಮಳೆ ನಕ್ಷತ್ರ ಅಚ್ಚಾಗುತ್ತವೆ. ಈ ಎರಡು ತಿಂಗಳು ಮಳೆ ನಕ್ಷತ್ರದ ಮುಂದೆ ಒಂದೊಂದು ಸಾಲಿನ ಜಾಗ ಕೊಡಿ. ಮಾದರಿಗೆ: ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟುವ ಹಸ್ತಕ್ಕೆ, ‘ಕನ್ನೆ ಅರಳಿದೆ, ಮಧ್ಯಾಹ್ನದೊಳಗೆ ನೋಡಿ’. ಅಕ್ಟೋಬರ್ 11ರ ಸುಮಾರಿನ ಚಿತ್ತೆಗೆ, ‘ಹುಚ್ಚೆಳ್ಳು ಹೂವಾಗಿದೆ, ಬೆಳಗಿನ ಜಾವ ತೆಂಕಣದಲ್ಲಿ ಅಗಸ್ತ್ಯ’. 24ರ ಸುಮಾರಿನ ಸ್ವಾತಿಗೆ, ‘ಉತ್ತರಾಣಿ ಬಲಿತಿದೆ, ಸಹಿ ಜೇಡ ಬಲೆಯ ನಡುವೆ ಇದೆ’. ನವೆಂಬರ್ 6ರ ಸುಮಾರಿನ ವಿಶಾಖೆಗೆ, ‘ಅವರೆ ಹೂ ಬಿಟ್ಟಿದೆ, ಹೊಲದ ಬದುವಿನಲ್ಲಿ ಇಬ್ಬನಿ 7.30ರವರೆಗೆ’.

ಇಂತಿ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ತುಮಕೂರು